ಹನ್ನೆರಡು ಹೆಸರಿನ ಹಲಗೆ

ಸರಕು ನೋಡಲು ಹೋಗುವಾಗ, ಆ ಸರಕಿನ ಮೇಲೆ ಆಸೆ ಇಟ್ಟುಕೊಂಡವರನ್ನು ಜೊತೆಗೆ ಕರೆದೊಯ್ಯಬಾರದು. ಅವರ ಮುಖ ನೋಡಿಯೇ ಎದುರಿನವನು ದರ ಏರಿಸುತ್ತಾನೆ. ಮೂವತ್ತು ವರ್ಷ ವ್ಯಾಪಾರ ಮಾಡಿದವನ ಮಾತು ಇದು, ಬೇಕಾದರೆ ಇಟ್ಟುಕೊಳ್ಳಿ. ನಾನೇ ಒಮ್ಮೆ ಇದನ್ನು ಮರೆತೆ. ಮರೆತು, ನನ್ನ ಸೋದರಮಾವನನ್ನು ದಾವಣಗೆರೆಯಿಂದ ಹರಿಹರಕ್ಕೆ, ಚಳವಳಿ ಹುಟ್ಟಿದ ಮನೆ ಎಂದು ಬಾಗಿಲಿಗೆ ಬೋರ್ಡು ಹಾಕಿಕೊಂಡ ಒಂದು ಮನೆಗೆ ಕರೆದುಕೊಂಡು ಹೋದೆ.

ಮಾವ ನನ್ನ ತಾಯಿಯ ತಮ್ಮ. ಮುಂದೆ ನನಗೆ ಮಗಳನ್ನು ಕೊಟ್ಟವರೂ ಅವರೇ. ಹತ್ತಿಪೇಟೆಯಲ್ಲಿ ದಲಾಲಿ, ಓದು ಬರಹ ಇಲ್ಲ. ಹಿಡಿ ಹತ್ತಿಯನ್ನು ಎರಡು ಹೆಬ್ಬೆರಳ ನಡುವೆ ಎಳೆದು ನೋಡಿ, ಇದು ಯಾವ ಕಡೆಯ ಹೊಲದ್ದು, ತೂಕಕ್ಕೆಂದು ನೀರು ಚಿಮುಕಿಸಿದ್ದಾರೋ ಇಲ್ಲವೋ ಹೇಳುತ್ತಿದ್ದರು. ನಾನು ಹಳೆಯ ಗೋಣಿಚೀಲ ಕೊಂಡು, ತೇಪೆ ಹಾಕಿಸಿ ಮಾರುವುದರಿಂದ ಶುರು ಮಾಡಿ, ಹತ್ತಿಕಾಳು ಮತ್ತು ಹಿಂಡಿಯ ಅಂಗಡಿ ಹಾಕಿ, ಕೆ.ಬಿ. ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಸಿದವನು. ಯಾರ ಹಂಗೂ ಇಲ್ಲದೆ ಮೇಲೆ ಬಂದೆ ಎಂದು ಹೇಳಿಕೊಳ್ಳುವುದು ನನ್ನ ಅಭ್ಯಾಸ. ಆದರೆ ಎದುರಿಗೆ ಕೂತವನ ಮುಖ ಓದುವುದನ್ನು ಕಲಿಸಿದವರು ಮಾವ. ಆ ವಿದ್ಯೆಯನ್ನು ನಾನು ಅವರ ಮೇಲೆಯೇ ಪ್ರಯೋಗ ಮಾಡಿದೆ.

ಈಗಿನವರಿಗೆ ಗೊತ್ತಿರಲಾರದು, ಆಗ ಪೇಟೆಯಲ್ಲಿ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ದಲಾಲಿ ತನ್ನ ಹೆಗಲ ಮೇಲಿನ ವಲ್ಲಿಯನ್ನು ಕೈ ಮೇಲೆ ಹರಡಿ, ಅದರ ಕೆಳಗೆ ಕೊಳ್ಳುವವನ ಬೆರಳು ಹಿಡಿಯುತ್ತಿದ್ದ, ಆಮೇಲೆ ಮಾರುವವನ ಬೆರಳು. ಎಷ್ಟು ಬೆರಳು ಒತ್ತಿದರೆ ಅಷ್ಟು. ಮುಷ್ಟಿ ಕಟ್ಟಿದರೆ ಒಲ್ಲೆ ಎಂದು ಅರ್ಥ. ಸುತ್ತ ಇಪ್ಪತ್ತು ಜನ ನಿಂತಿದ್ದರೂ ಯಾರು ಎಷ್ಟಕ್ಕೆ ಕೇಳಿದರು, ಯಾರು ಒಲ್ಲೆ ಅಂದರು ಎನ್ನುವುದು ದಲಾಲಿಯ ಅಂಗೈಗೆ ಮಾತ್ರ ಗೊತ್ತು. ಕೊನೆಗೆ ಅವನು ಕೂಗಿ ಹೇಳುವುದು ಕುದುರಿದ ದರ ಒಂದನ್ನೇ. ಮಿಕ್ಕಿದ್ದು ಅವನ ಜೊತೆ ಮಣ್ಣಿಗೆ ಹೋಗಬೇಕು, ಅದು ಪೇಟೆಯ ಕಟ್ಟು, ಯಾರೂ ಮೀರದ ನಿಯಮ.

ಬ್ರಿಟಿಷರು ಇನ್ನೂ ದೇಶ ಬಿಟ್ಟಿರದ ಕಾಲದಲ್ಲಿ, ಊರಿನ ಮುಖಂಡರನ್ನು ಹಿಡಿದು ಜೈಲಿಗೆ ಹಾಕಿದಾಗ, ಹತ್ತಿಪೇಟೆ ಮುಚ್ಚಬೇಕು, ಒಂದು ತಕ್ಕಡಿಯೂ ಏಳಬಾರದು ಎಂಬ ಮಾತು ಹುಟ್ಟಿತಂತೆ. ದಾವಣಗೆರೆಯಲ್ಲಿ ನಾಲ್ಕು ಜನ ಒಟ್ಟಿಗೆ ಕೂತರೆ ಪೊಲೀಸರು ಬರುತ್ತಿದ್ದರು. ಹಾಗಾಗಿ ಎರಡೂ ಊರಿನ ವರ್ತಕರು ಹರಿಹರದ ಒಬ್ಬ ದೊಡ್ಡ ಸಾಹುಕಾರರ ಪಡಸಾಲೆಯಲ್ಲಿ ಖರೀದಿಯ ನೆಪ ಮಾಡಿ ಸೇರಿದರು. ಮನೆಯ ಯಜಮಾನರೂ ಸೇರಿ ಹನ್ನೆರಡು ಜನ, ದಲಾಲಿಯಾಗಿ ಹೋದ ಮಾವ ಬೇರೆ. ಅಲ್ಲಿಗೂ ಮಫ್ತಿಯಲ್ಲಿ ಒಬ್ಬ ಪೊಲೀಸಿನವನು ಬಂದು, ತಾನೂ ಹತ್ತಿ ಕೊಳ್ಳುವವನು ಎಂದು ಕೂತ. ಸೇರಿಗೆ ಏನು ದರ ಎಂದು ಕೇಳಿದ ಕೂಡಲೇ ಎಲ್ಲರಿಗೂ ಅವನ ಕಸುಬು ಗೊತ್ತಾಯಿತು. ಹತ್ತಿಯನ್ನು ಹಾಲಿನ ಹಾಗೆ ಸೇರಿನ ಲೆಕ್ಕದಲ್ಲಿ ಕೇಳುವವನು ಯಾವ ಸೀಮೆಯ ವರ್ತಕ? ಅವನನ್ನು ಎದ್ದು ಹೋಗು ಎನ್ನುವ ಹಾಗಿಲ್ಲ, ಅವನೆದುರಿಗೆ ಮಾತಾಡುವ ಹಾಗೂ ಇಲ್ಲ. ಆಗ ಮಾವ ಹತ್ತಿಯ ಮಾದರಿ ಗಂಟನ್ನು ಬಿಚ್ಚಿ ನಡುವೆ ಇಟ್ಟರು. ಎಷ್ಟು ದಿನದ ವಾಯಿದೆ ಎಂದು ಒಮ್ಮೆ ಕೇಳಿದರು. ಆಮೇಲೆ ವಲ್ಲಿ ಹರಡಿಕೊಂಡು ಒಬ್ಬೊಬ್ಬರ ಮುಂದೆ ಹೋಗಿ ಕೂತರು. ಎಷ್ಟು ದಿನ ತಕ್ಕಡಿ ಮುಟ್ಟುವುದಿಲ್ಲವೋ ಅಷ್ಟು ಬೆರಳು. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಕೊನೆಯ ಕೈ ಮುಗಿದ ಮೇಲೆ ಎದ್ದು, “ಐದಕ್ಕೆ ಮುಗೀತ್ರಪ್ಪ” ಎಂದರು. ಒಳ್ಳೆಯ ದರ ಎಂದು ಪೊಲೀಸಿನವನೂ ತಲೆಯಾಡಿಸಿದನಂತೆ. ಮರುದಿನದಿಂದ ಐದು ದಿನ ಎರಡೂ ಊರಿನಲ್ಲಿ ಹತ್ತಿಯ ತಕ್ಕಡಿ ಏಳಲಿಲ್ಲ. ಚಳವಳಿ ನಮ್ಮ ಕಡೆ ಬೀದಿಗೆ ಬಂದದ್ದು ಹಾಗೆ.

ಇದನ್ನು ಮಾವ ಮನೆಯಲ್ಲಿ ಎಷ್ಟೋ ಸಲ ಹೇಳಿದ್ದರು. ಹೇಳುವಾಗಲೆಲ್ಲ ಒಂದು ಕಡೆ ನಿಲ್ಲುತ್ತಿದ್ದರು. ಹನ್ನೆರಡರಲ್ಲಿ ಒಂದು ಕೈ ಮುಷ್ಟಿ ಬಿಚ್ಚಿರಲಿಲ್ಲ. ಒಂದು ಕೈ ಒಲ್ಲೆ ಎಂದರೆ ವ್ಯಾಪಾರ ಮುರಿದ ಹಾಗೆ. ಆದರೂ ಮಾವ ಐದು ಎಂದು ಕೂಗಿಬಿಟ್ಟರು. ಹನ್ನೊಂದು ಜನ ಎಲ್ಲರೂ ಒಪ್ಪಿದ್ದಾರೆ ಅಂದುಕೊಂಡರು, ಮುಷ್ಟಿ ಕಟ್ಟಿದವರು ಪೊಲೀಸಿನವನೆದುರಿಗೆ ಬಾಯಿ ಬಿಡಲಾಗದೆ ಕೂತರು. ಅದು ಯಾರ ಕೈ ಎಂದು ನನ್ನ ಹೆಂಡತಿ ಎಷ್ಟು ಪೀಡಿಸಿದರೂ ಮಾವನದು ಒಂದೇ ಉತ್ತರ: “ಕೈಗೆ ಮುಖ ಇರೋದಿಲ್ಲವ್ವ.”

ನನ್ನನ್ನು ಕೇಳಿದರೆ, ಆ ಮನೆಯಲ್ಲಿ ಅವತ್ತು ಧೈರ್ಯ ಮಾಡಿದವರು ಒಬ್ಬರೇ. ಬೆರಳು ಒತ್ತಿದವರಿಗೆ ಅಂಗಡಿ ಇತ್ತು, ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲು ಇತ್ತು. ಸುಳ್ಳು ಕೂಗಿದವರಿಗೆ ಇದ್ದದ್ದು ನಂಬಿಕೆಯ ಬಂಡವಾಳ ಒಂದೇ. ಅದು ಹೊರಗೆ ಬಿದ್ದಿದ್ದರೆ ಪೇಟೆಯಲ್ಲಿ ಮತ್ತೆ ಯಾರೂ ಅವರ ವಲ್ಲಿಯ ಕೆಳಗೆ ಕೈ ಇಡುತ್ತಿರಲಿಲ್ಲ.

ಅರವತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ನಿಯಂತ್ರಿತ ಮಾರುಕಟ್ಟೆಯವರು ಬಂದರು. ಇನ್ನು ಮೇಲೆ ಬಹಿರಂಗ ಹರಾಜು, ಬಟ್ಟೆಯ ಕೆಳಗಿನ ವ್ಯಾಪಾರ ಮೋಸದ ವ್ಯಾಪಾರ, ಅದು ಬಂದ್ ಎಂದರು. ರೈತರಿಗೆ ಅದರಿಂದ ಒಳ್ಳೆಯದೇ ಆಯಿತು, ನಾನು ಸುಳ್ಳು ಹೇಳುವುದಿಲ್ಲ. ಆದರೆ ಮಾವ ನನ್ನ ಅಂಗಡಿಯ ಗಾದಿಯ ಮೇಲೆ ಬಂದು ಕೂರುವಂತಾಯಿತು. ಬಂದ ಗಿರಾಕಿಗೆ ನೀರು ಕೊಡಿಸುವುದು, ಇಲ್ಲದ ನೊಣ ಹೊಡೆಯುವುದು. ಮೋಸದ ವ್ಯಾಪಾರ ಎಂಬ ಮಾತು ಅವರೊಳಗೆ ಮುಳ್ಳಿನ ಹಾಗೆ ಕೂತಿತ್ತು. ಅಂಥ ಹೊತ್ತಿನಲ್ಲಿ ಹರಿಹರದ ಆ ಮನೆಯನ್ನು ಸ್ಮಾರಕ ಮಾಡಿದ್ದಾರೆ, ಅವತ್ತು ಇದ್ದವರ ಹೆಸರನ್ನೆಲ್ಲ ಹಲಗೆಯ ಮೇಲೆ ಬರೆಸಿದ್ದಾರೆ ಎಂದು ಒಬ್ಬ ಹಮಾಲ ಬಂದು ಹೇಳಿದ. ಮೂರನೆಯ ದಿನ ಮಾವ ಬೀಡಿ ಹಚ್ಚುತ್ತಾ, ನನ್ನ ಕಡೆ ನೋಡದೆ, “ಅಳಿಯಾ, ನಿಂಗ ಪುರುಸೊತ್ತಾದಾಗ ಒಂದ್ಸಲ ಹೋಗಿ ಬರಾನ. ನನಗ ಓದಾಕ ಬರಲ್ಲ ನೋಡು” ಎಂದರು.

ಅವರು ತಮಗಾಗಿ ಏನನ್ನಾದರೂ ಕೇಳಿದ್ದು ನಾನು ಕಂಡ ಹಾಗೆ ಅದೊಂದೇ ಸಲ.

ಹೊರಡುವ ದಿನ ಮಾವ ನಮ್ಮ ಮನೆಗೇ ಬಂದರು, ಹೆಂಡತಿ ಅಪ್ಪನಿಗೆ ಮಡಿ ಮಾಡಿದ ಧೋತ್ರ, ಅಂಗಿ ತೆಗೆದುಕೊಟ್ಟಳು. ನನ್ನನ್ನು ಒಳಗೆ ಕರೆದು, “ಅಪ್ಪನ್ನ ಮನೆ ತೋರ್ಸಾಕ ಕರ್ಕಂಡು ಹೋಗ್ತಿದೀರಿ. ಅಲ್ಲಿ ಹೋಗಿ ವ್ಯಾಪಾರ ಹೂಡಬ್ಯಾಡ್ರಿ” ಎಂದಳು. ನನ್ನ ಗುಣ ಅವಳಿಗೆ ಗೊತ್ತಿತ್ತು. ನಾನು ನಕ್ಕೆ.

ಬಸ್ಸಿನಲ್ಲಿ ಮಾವ ಕಿಟಕಿಯ ಪಕ್ಕ ಕೂತು ಎಂದೂ ಇಲ್ಲದಷ್ಟು ಮಾತಾಡಿದರು. ಆ ಪಡಸಾಲೆಯ ಕಂಬ ಎಷ್ಟು, ಯಾವ ಕಂಬಕ್ಕೆ ಯಾರು ಒರಗಿದ್ದರು, ಯಾರ ಅಂಗೈ ಬೆವೆತಿತ್ತು, ಯಾರು ಉಂಗುರ ಸಮೇತ ಒತ್ತಿ ನೋಯಿಸಿದರು, ಎಲ್ಲ. ಹರಿಹರದಲ್ಲಿ ಇಳಿದ ಮೇಲೆ ದಾರಿಯನ್ನು ಯಾರನ್ನೂ ಕೇಳಲಿಲ್ಲ. ಅರವತ್ತು ದಾಟಿದ ಕಾಲು ನನಗಿಂತ ಮುಂದೆ ನಡೆಯುತ್ತಿತ್ತು.

ಮನೆಯನ್ನು ಚೆನ್ನಾಗಿಯೇ ಇಟ್ಟಿದ್ದರು. ಗೋಡೆಗೆ ಹೊಸ ಸುಣ್ಣ, ನೆಲಕ್ಕೆ ಕೆಂಪು ಗಾರೆ, ಕಂಬಗಳಿಗೆ ವಾರ್ನಿಷ್. ಆಗಿನ ಗಾದಿ, ಲೋಡುಗಳನ್ನು ಹಾಗೇ ಇಟ್ಟು ಸುತ್ತ ಹಗ್ಗ ಕಟ್ಟಿ, ‘ಕೂರಬಾರದು’ ಎಂದು ಬರೆದಿದ್ದರು. ಎದುರು ಗೋಡೆಯ ಮೇಲೆ ಮನೆಯ ಯಜಮಾನರ ಆಳೆತ್ತರದ ಭಾವಚಿತ್ರ, ಅದಕ್ಕೆ ಗಂಧದ ಹಾರ. ಅವರು ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಅವರ ಮಗನೇ ಸ್ಮಾರಕ ಸಮಿತಿಯ ಕಾರ್ಯದರ್ಶಿ, ನನ್ನ ವಾರಗೆಯವ, ಖಾದಿ ಜುಬ್ಬ ತೊಟ್ಟು ಐದಾರು ಜನ ಮೇಷ್ಟರುಗಳಿಗೆ ಮನೆ ತೋರಿಸುತ್ತಿದ್ದ. ಭಾವಚಿತ್ರದ ಪಕ್ಕದಲ್ಲಿ ಕಪ್ಪು ಹಲಗೆ, ಹಳದಿ ಅಕ್ಷರ: ‘ಪ್ರಥಮ ಸಭೆಯಲ್ಲಿ ಪ್ರತಿಜ್ಞೆ ಕೈಗೊಂಡ ಮಹನೀಯರು.’

ನಾನು ಓದಿದೆ. ಮಾವ ಒಂದೊಂದು ಹೆಸರಿಗೂ ಹ್ಞೂಂ ಎನ್ನುತ್ತಾ ಬಂದರು. ಹನ್ನೆರಡಕ್ಕೆ ನಿಂತೆ.

“ಇನ್ನೊಂದ್ಸಲ ಓದು.”

ಮತ್ತೆ ಓದಿದೆ, ನಿಧಾನವಾಗಿ.

“ಕೆಳಗ ಸಣ್ಣ ಅಕ್ಷರದಾಗ ಏನೋ ಐತಲ್ಲ?”

ಇತ್ತು. ಅದು ಹಲಗೆ ಬರೆದ ಪೇಂಟರನ ಹೆಸರು. ಹೇಳಿದೆ. ಮಾವ ಅದಕ್ಕೂ ಹ್ಞೂಂ ಎಂದರು.

ಮಾವನ ಹೆಸರು ಹೇಗೆ ಬಿಟ್ಟುಹೋಯಿತು ಎನ್ನುವುದು ನನಗೆ ಅಲ್ಲೇ ಹೊಳೆಯಿತು. ಎರಡು ವರ್ಷದ ಹಿಂದೆ ಇದೇ ಕಾರ್ಯದರ್ಶಿ ಪಟ್ಟಿ ಮಾಡಲು ದಾವಣಗೆರೆಗೆ ಬಂದಿದ್ದ. ನನ್ನ ಅಂಗಡಿಯಲ್ಲೇ ಕೂತು, ಆ ಸಭೆಯಲ್ಲಿ ನಿಮ್ಮ ಪಾತ್ರವೇನು ಯಜಮಾನರೇ ಎಂದು ಕೇಳಿದ್ದ. ಮಾವ ಎರಡೂ ಕೈ ಬಿಚ್ಚಿ, ನಂದೇನೈತ್ರಿ, ನಾನು ನಡುವಿನವ ಎಂದರು. ದಲಾಲಿ ಆಡುವ ಮಾತೇ ಅದು. ಸರಕು ನನ್ನದಲ್ಲ, ದುಡ್ಡು ನನ್ನದಲ್ಲ, ನಾನು ನಡುವಿನವ ಎನ್ನದೆ ಪೇಟೆಯಲ್ಲಿ ಯಾವ ದಲಾಲಿಯೂ ಬಾಯಿ ತೆರೆಯುವುದಿಲ್ಲ. ಕೇಳುವವರೂ ಅದನ್ನು ಅಕ್ಷರಶಃ ನಂಬುವುದಿಲ್ಲ. ಆತ ನಂಬಿದ, ಅಥವಾ ನಂಬುವುದು ಅವನಿಗೆ ಅನುಕೂಲವಾಯಿತು. ನಾನು ಅಲ್ಲೇ ಇದ್ದೆ, ಚೀಲ ಎಣಿಸುತ್ತಿದ್ದೆ. ಎದ್ದು ಬಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನೀವು ಯಾರಾದರೂ ಓದುತ್ತಿದ್ದರೆ ಕೇಳಿ: ಮನೆಯ ಹಿರಿಯರನ್ನು ಯಾರಾದರೂ ಏನಾದರೂ ಕೇಳಿ ಬರೆದುಕೊಳ್ಳುತ್ತಿದ್ದರೆ ಕೈಲಿರುವ ಕೆಲಸ ಬಿಟ್ಟು ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ.

ಕಾರ್ಯದರ್ಶಿ ಮೇಷ್ಟರುಗಳನ್ನು ಭಾವಚಿತ್ರದ ಮುಂದೆ ನಿಲ್ಲಿಸಿ ಅವತ್ತಿನ ಕತೆ ಹೇಳತೊಡಗಿದ. ಪೊಲೀಸಿನವನು ಬಂದದ್ದು, ಸೇರಿನ ಲೆಕ್ಕ ಕೇಳಿದ್ದು ಎಲ್ಲ ಸರಿಯಾಗಿತ್ತು. ಆಮೇಲೆ ಕತೆಯಲ್ಲಿ ಮಾವನ ಜಾಗಕ್ಕೆ ಅವನ ತಂದೆ ಬಂದರು. ತಂದೆಯವರು ತಾವೇ ವಲ್ಲಿ ಹರಡಿಕೊಂಡರಂತೆ. ಮೊದಲು ತಮ್ಮ ಐದೂ ಬೆರಳನ್ನು ಪಣಕ್ಕಿಟ್ಟು, ಆಮೇಲೆ ಒಬ್ಬೊಬ್ಬರ ಕೈ ಹಿಡಿದರಂತೆ. ಮೇಷ್ಟರುಗಳು ತಲೆದೂಗಿದರು.

ನಾನು ಮಾವನ ಮುಖ ನೋಡಿದೆ. ಪೇಟೆಯಲ್ಲಿ, ತೂಕ ಸುಳ್ಳು ಎಂದು ಗೊತ್ತಿದ್ದೂ ಹೇಳಬಾರದ ಹೊತ್ತಿನಲ್ಲಿ, ಮಾವ ಯಾವಾಗಲೂ ಮೂಗಿನ ತುದಿ ತಿಕ್ಕಿಕೊಳ್ಳುತ್ತಿದ್ದರು. ತಮ್ಮ ಜಾಗ ಕಿತ್ತುಕೊಂಡಾಗ ಅವರು ಅಲುಗಲಿಲ್ಲ. ‘ಐದೂ ಬೆರಳು’ ಎಂದಾಗ ಮೂಗಿಗೆ ಕೈ ಹೋಯಿತು.

ಇಷ್ಟು ವರ್ಷ ಹೆಂಡತಿಗೆ ಸಿಗದ ಉತ್ತರ ನನಗೆ ಅಲ್ಲಿ ಸಿಕ್ಕಿತು. ಮುಷ್ಟಿ ಬಿಚ್ಚದ ಕೈ ಮನೆಯ ಯಜಮಾನರದು. ಚಳವಳಿ ಹುಟ್ಟಿದ ಮನೆ ಎಂದು ಸುಣ್ಣ ಬಳಿದು ಇಟ್ಟ ಮನೆಯ ಧಣಿ ಅವತ್ತು ಒಲ್ಲೆ ಅಂದಿದ್ದರು.

ಆ ಕ್ಷಣ ನನಗೆ ದುಃಖ ಆಗಬೇಕಿತ್ತೋ ಏನೋ. ಆಗಲಿಲ್ಲ. ಅವನನ್ನು ಮಣಿಸಲು ಕೈಗೆ ಒಂದು ಹಿಡಿತ ಸಿಕ್ಕಿತು ಅನ್ನಿಸಿತು. ಕಾರ್ಯದರ್ಶಿಯನ್ನು ಹಿತ್ತಲ ಕಡೆ ಕರೆದೆ. ಮೊದಲು ಮೆತ್ತಗೆ ಕೇಳಿದೆ: ಕೊನೆಯಲ್ಲಿ ಒಂದು ಸಾಲು, ಸಣ್ಣ ಅಕ್ಷರದಲ್ಲಾದರೂ ಸರಿ, ಪೇಂಟರನ ಖರ್ಚು ನನ್ನದು. ಆತ ನಗುತ್ತಲೇ, ಹಲಗೆಯನ್ನು ಮಂತ್ರಿಗಳು ಉದ್ಘಾಟಿಸಿದ್ದಾರೆ, ಈಗ ಮುಟ್ಟುವ ಹಾಗಿಲ್ಲ, ಅದೂ ಅಲ್ಲದೆ ದಾಖಲೆ ಏನಿದೆ ಎಂದ. ಹನ್ನೆರಡು ಜನರಲ್ಲಿ ಆಗ ಬದುಕಿದ್ದವರು ಇಬ್ಬರೇ, ಒಬ್ಬರಿಗೆ ಮಾತು ಬಿದ್ದುಹೋಗಿತ್ತು, ಇನ್ನೊಬ್ಬರು ಮಗನ ಜೊತೆ ಮುಂಬಯಿ ಸೇರಿದ್ದರು. ಪತ್ರ ಬರೆದು ಕೇಳೋಣ ಎಂದೆ. ಬಟ್ಟೆಯ ಕೆಳಗಿನ ಮಾತಿಗೆ ಯಾರು ಸಾಕ್ಷಿ ಹೇಳುತ್ತಾರೆ ಸಾಹುಕಾರರೇ ಎಂದು ಆತ ಹೆಗಲ ಮೇಲೆ ಕೈ ಹಾಕಿದ.

ಆ ಕೈ ತೆಗೆದು ಹೇಳಿದೆ: “ನಿಮ್ಮಪ್ಪಾರು ಅವತ್ತು ಮುಷ್ಟಿ ಕಟ್ಟಿದ್ರು. ನಮ್ಮ ಮಾವ ಅದನ್ನ ಮುಚ್ಚಿಟ್ಟು ಐದು ಅಂತ ಕೂಗಿದ್ರು. ಒಂದು ಸಾಲು ಬರೆಸ್ತೀರೋ, ಇಲ್ಲಾ ನಾನು ಆ ಮೇಷ್ಟ್ರುಗಳಿಗೆ ಕತೆ ಹೇಳ್ಲೋ?”

ಆತನ ಮುಖ ಬಿಳಿಚಿಕೊಂಡಿತು. ಕುದುರಿತು ಅಂದುಕೊಂಡೆ. ಪೇಟೆಯಲ್ಲಿ ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿ ಕಾಯಬೇಕು, ಎದುರಿನವನೇ ಮಾತಾಡಲಿ ಎಂದು ಬಿಡಬೇಕು. ಕಾದೆ. ಆತ ತಿರುಗಿ ನೇರ ಪಡಸಾಲೆಗೆ ನಡೆದ. ಮಾವ ಹಗ್ಗದ ಈಚೆ ನಿಂತು ಗಾದಿ ನೋಡುತ್ತಿದ್ದರು. ಆತ ಎಲ್ಲರಿಗೂ ಕೇಳುವ ಹಾಗೆ, ಆದರೆ ತುಂಬಾ ಮರ್ಯಾದೆಯಿಂದ ಕೇಳಿದ.

“ಯಜಮಾನ್ರೇ, ನಮ್ಮಪ್ಪಾರು ಅವತ್ತು ಕೈ ಬಿಚ್ಚಲಿಲ್ಲ ಅಂತ ನಿಮ್ಮ ಅಳಿಯ ಹೇಳ್ತಾರ. ನೀವು ಹಿರೇರು. ಆ ಪಟದ ಮುಂದ ನಿಂತು ನೀವೇ ಹೇಳಿಬಿಡ್ರಿ.”

ಅವನು ನನಗಿಂತ ಒಳ್ಳೆಯ ವ್ಯಾಪಾರಿ, ಒಪ್ಪಿಕೊಳ್ಳುತ್ತೇನೆ. ನಾನು ಒತ್ತಿದ್ದು ಅವನ ಹೆದರಿಕೆಯನ್ನು. ಅವನು ಒತ್ತಿದ್ದು ಮಾವನ ಕಟ್ಟನ್ನು.

ಮೇಷ್ಟರುಗಳು ತಿರುಗಿ ನಿಂತರು. ಮಾವ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀರು ಚಿಮುಕಿಸಿದ ಹತ್ತಿಯನ್ನು ನೋಡಿದ ಹಾಗೆ ನೋಡಿದರು. ಒಂದು ಮಾತು, ಹೌದು ಎಂಬ ಒಂದೇ ಮಾತು ಹೇಳಿದ್ದರೆ ಹಲಗೆ ಬದಲಾಗದಿದ್ದರೂ ಐದಾರು ಮೇಷ್ಟರುಗಳ ಬಾಯಲ್ಲಿ ಅವರ ಹೆಸರು ಊರೂರಿಗೆ ಹೋಗುತ್ತಿತ್ತು. ಅದು ಅವರಿಗೂ ಗೊತ್ತಿತ್ತು.

“ನಮ್ಮ ಅಳಿಯ ಅವತ್ತು ಇರ್ಲಿಲ್ರಿ, ಅವನಿಗೇನು ಗೊತ್ತು” ಎಂದರು. “ನಿಮ್ಮಪ್ಪಾರು ಐದೂ ಬೆರಳು ಕೊಟ್ಟಿದ್ರು.”

ಕಾರ್ಯದರ್ಶಿ ಅಷ್ಟಕ್ಕೆ ಬಿಡಲಿಲ್ಲ. “ಅವರೇ ಎಲ್ಲಾರ ಕೈ ಹಿಡಿದ್ರು, ಹೌದಲ್ರೀ?”

ಮಾವ ಪಟದ ಕಡೆ ತಿರುಗಿದರು. “ಹೌದ್ರಿ ಸಣ್ಣ ಸಾವ್ಕಾರ್ರೇ. ಅವರೇ ಹಿಡಿದ್ರು. ನಾನು ಹತ್ತಿ ಗಂಟು ಹೊತ್ಕಂಡು ಬಂದಿದ್ದೆ.”

ಮೇಷ್ಟರುಗಳಲ್ಲಿ ಒಬ್ಬರು ನನ್ನನ್ನು ನೋಡಿ ನಕ್ಕರು. ನಾನು ಹೊರಗೆ ಹೋಗಲೂ ಆಗದೆ, ನಿಲ್ಲಲೂ ಆಗದೆ ಕಂಬದ ಹತ್ತಿರ ನಿಂತೆ. ಇವತ್ತಿಗೂ ನನಗೆ ಮಾವನ ಮೇಲೆ ಕೋಪ ಇದೆ, ಮುಚ್ಚಿಡುವುದಿಲ್ಲ. ಸತ್ತವನ ಮುಷ್ಟಿಯನ್ನು ಕಾಯಲು ಬದುಕಿರುವ ತನ್ನ ಕೈಯನ್ನೇ ಕಡಿದುಕೊಳ್ಳುವುದು ಯಾವ ನ್ಯಾಯ? ಆ ಕಟ್ಟನ್ನು ಕಲಿಸಿದ ಪೇಟೆಯೇ ಆಗ ಮುಚ್ಚಿಹೋಗಿತ್ತು. ಅದನ್ನು ಮೋಸ ಎಂದು ಸರ್ಕಾರವೇ ಸಾರಿತ್ತು. ಆದರೂ ಕೋಪ ತಿರುಗಿ ನನ್ನ ಹತ್ತಿರವೇ ಬರುತ್ತದೆ. ಅವರು ಕೇಳಿದ್ದು ಓದಿ ಹೇಳು ಎಂದು. ನಾನು ಓದಿ ಹೇಳಿ ಸುಮ್ಮನೆ ಕರೆದುಕೊಂಡು ಬಂದಿದ್ದರೆ, ಹಲಗೆಯಲ್ಲಿ ಹೆಸರಿಲ್ಲದಿದ್ದರೂ ಆ ಸಭೆಯಲ್ಲಿ ಅವರು ಇದ್ದರು. ನನ್ನ ಚೌಕಾಸಿಯಿಂದಾಗಿ ಅವರು ತಾವಾಗಿ, ತಮ್ಮ ಬಾಯಿಂದ, ಆ ಸಭೆಯಿಂದಲೇ ಎದ್ದು ಬರಬೇಕಾಯಿತು. ಅದಾದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಮಾವ ನನ್ನ ಅಂಗಡಿಗೆ ಬರಲಿಲ್ಲ. ಮಗಳ ಮನೆಗೆ ಬಂದರೂ ನಾನಿಲ್ಲದ ಹೊತ್ತು ನೋಡಿ ಬರುತ್ತಿದ್ದರು. ಮುಷ್ಟಿಯ ಕತೆಯನ್ನು ಮತ್ತೆ ಯಾರ ಮುಂದೆಯೂ ಹೇಳಲಿಲ್ಲ. ಹೆಂಡತಿಗೆ ಹರಿಹರದಲ್ಲಿ ನಡೆದದ್ದನ್ನು ನಾನೇ ಹೇಳಿದೆ. ಅವಳು ಪೂರ್ತಿ ಕೇಳಿ ಒಳಗೆ ಹೋದಳು.

ಅವತ್ತು ನಾವು ಹೊರಡುವಾಗ ಕಾರ್ಯದರ್ಶಿ ಬಾಗಿಲ ಬಳಿ ತಡೆದ. ಗೆದ್ದವನು ಧಾರಾಳಿಯಾಗಿರುತ್ತಾನೆ. ಮೇಜಿನ ಮೇಲೆ ಸಂದರ್ಶಕರ ಪುಸ್ತಕ ಇತ್ತು, ನೋಡಲು ಬಂದವರೆಲ್ಲ ಸಹಿ ಮಾಡುವುದು ಪದ್ಧತಿ. ಯಜಮಾನರದೂ ಒಂದು ಗುರುತು ಇರಲಿ ಎಂದು ಮಸಿ ಪ್ಯಾಡನ್ನು ಮಾವನ ಮುಂದೆ ಸರಿಸಿದ. ಮಾವ ಹೆಬ್ಬೆಟ್ಟು ಒತ್ತಿದರು. ಪಕ್ಕದಲ್ಲಿ ಆತ ಅವರ ಹೆಸರು ಬರೆದ, ಊರು ಬರೆದ. ಉದ್ಯೋಗ ಎಂಬ ಕಡೆ ಪೆನ್ನು ನಿಲ್ಲಿಸಿ ಮುಖ ನೋಡಿದ. ಈಗೇನೂ ಇಲ್ಲ ಎಂದರು ಮಾವ. ಆತ ಅಲ್ಲಿ ಗೀಟು ಎಳೆದ. ಕೊನೆಯಲ್ಲಿ ಅಭಿಪ್ರಾಯ ಎಂದು ಇನ್ನೊಂದು ಅಂಕಣ ಖಾಲಿ ಇತ್ತು. ಏನು ಬರೆಯಲಿ ಎಂದು ಕೇಳಿದ.

ಮಾವ ಹೆಬ್ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡರು.

“ಮನೆ ಚೆಂದಾಗಿ ಇಟ್ಟೀರಿ ಅಂತ ಬರ್ಕಳ್ರಿ.”

ಆತ ಹಾಗೇ ಬರೆದುಕೊಂಡ.